ಪ್ರವಾದಿಯ ಮಾತು, ಕಾಲಜ್ಞಾನಿಯ ಮಾತು

ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ನುಡಿ ಒಂದೇ ಸಾಲು. ಮಳೆ ಬೆಳೆ ಹೇಗೆ, ಸರ್ಕಾರ ಉಳಿದೀತೆ ಎಂದು ಅದಕ್ಕೆ ಅರ್ಥ ಹಚ್ಚುವ ಕೆಲಸ ಮರುದಿನ ಊರೂರ ಕಟ್ಟೆಗಳ ಮೇಲೆ ಸಾಗುತ್ತದೆ. ಆದ್ದರಿಂದ 'ಪ್ರವಾದಿ' ಎಂದೊಡನೆ ಮುಂದಾಗುವುದನ್ನು ಹೇಳುವವನ ಚಿತ್ರವೇ ನಮ್ಮ ಕಣ್ಣಿಗೆ ಕಟ್ಟುತ್ತದೆ. ಪ್ರಾಚೀನ ಇಸ್ರೇಲಿನ ಪ್ರವಾದಿಗಳನ್ನು ಅರಿಯಬೇಕಾದರೆ ಈ ಚಿತ್ರವನ್ನು ತುಸು ಬದಿಗಿಡಬೇಕು.

ಆಲಮೇಲ, ಸಿಂದಗಿಯ ಕಡೆ ನಬಿಸಾಬ, ನಬಿಲಾಲ ಎಂಬ ಹೆಸರುಗಳು ಪರಿಚಿತ. ಆ ಅರಬ್ಬೀ 'ನಬಿ'ಯೂ ಹೀಬ್ರೂ ಭಾಷೆಯ 'ನಾಬಿ'ಯೂ ಒಂದೇ ಬೇರಿನ ಪದಗಳು. 'ಕರೆಯಲ್ಪಟ್ಟವನು' ಎಂಬುದು ಅದರ ಮೂಲಾರ್ಥವೆಂದು ಹಲವು ವಿದ್ವಾಂಸರ ಮತ. ಕ್ರಿ.ಪೂ. 8ನೆಯ ಶತಮಾನದ ಆಮೋಸ ತೆಕೋವದ ಕುರಿಗಾಹಿ. ಆತ ಉತ್ತರ ರಾಜ್ಯದ ಬೇತೇಲಿಗೆ ಹೋಗಿ, ಬಡವರನ್ನು ತುಳಿದು ಹಬ್ಬ ಮಾಡುವವರ ಪೂಜೆ ದೇವರಿಗೆ ಬೇಡವೆಂದು ಸಾರಿದ. ನಿನ್ನ ಊರಿಗೆ ನಡೆ ಎಂದು ಅಲ್ಲಿನ ಪುರೋಹಿತ ಗದರಿಸಿದ. ಕೆಲವೇ ದಶಕಗಳಲ್ಲಿ, ಕ್ರಿ.ಪೂ. 722ರ ಸುಮಾರಿಗೆ, ಅಸ್ಸೀರಿಯದವರು ಆ ರಾಜ್ಯವನ್ನು ಅಳಿಸಿದರು.

ದಕ್ಷಿಣದ ಯೆಹೂದದಲ್ಲಿ ಯೆರೆಮೀಯನದೂ ಇಂಥದೇ ಪಾಡು. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆಂದು ಹನನ್ಯನೆಂಬ ಇನ್ನೊಬ್ಬ ಪ್ರವಾದಿ ಜನರಿಗೆ ಹಿತವಾದುದನ್ನೇ ನುಡಿದ. ಯೆರೆಮೀಯ ಅಹಿತವಾದುದನ್ನು ನುಡಿದು ಕೆಸರಿನ ಬಾವಿಗೆ ಬಿದ್ದ. ಕ್ರಿ.ಪೂ. 586ರ ಸುಮಾರಿಗೆ ಬಾಬೆಲಿನ ಸೇನೆ ಯೆರೂಸಲೇಮನ್ನು ಸುಟ್ಟಿತು. ದೇವರು ಸೋಲಲಿಲ್ಲ, ನಾವು ನ್ಯಾಯ ಬಿಟ್ಟೆವು ಎಂದು ಸೋತ ಜನ ಆಗ ತಿಳಿದುಕೊಂಡರು. ಆ ಜನಾಂಗದ ಧರ್ಮ ಉಳಿಯಲು ಈ ತಿಳಿವಳಿಕೆ ದೊಡ್ಡ ಕಾರಣವಾಯಿತು.

ನಮ್ಮ ನೆಲದಲ್ಲೂ ಸೋಲಿನಿಂದ ಹುಟ್ಟಿದ ಇಂಥ ಸಾಹಿತ್ಯವಿದೆ. ಬಾಗೇವಾಡಿಯ ಬಸವಣ್ಣನವರು ಕಟ್ಟಿದ ಕಲ್ಯಾಣ 12ನೆಯ ಶತಮಾನದಲ್ಲಿ ಚದುರಿತು. 1565ರಲ್ಲಿ ತಾಳಿಕೋಟೆಯ ಹೆಸರು ಹೊತ್ತ ಕದನದ ನಂತರ ವಿಜಯನಗರ ಹಾಳಾಯಿತು. ವೀರವಸಂತರಾಯ ಬರುತ್ತಾನೆ, ಕಲ್ಯಾಣ ಮತ್ತೆ ಕಟ್ಟಲ್ಪಡುತ್ತದೆ ಎಂಬ ಆಸೆ ಕಾಲಜ್ಞಾನದ ವಚನಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಚೆನ್ನಬಸವಣ್ಣ, ಸಿದ್ಧರಾಮರ ಹೆಸರಿನಲ್ಲಿ ಇವು ಸಿಗುತ್ತವೆ. ತಾಳಿಕೋಟೆಗೆ ದೂರವಲ್ಲದ ಕೊಡೇಕಲ್ಲ ಬಸವಣ್ಣನ ಪರಂಪರೆಯಲ್ಲಿ ಕಾಲಜ್ಞಾನಕ್ಕೆ ವಿಶೇಷ ಸ್ಥಾನ. ಹಿಂದೂ ಮುಸ್ಲಿಮರಿಬ್ಬರನ್ನೂ ಸೆಳೆದ ಪರಂಪರೆ ಅದು.

ಇವನ್ನು ಓದುವಾಗ ಚರಿತ್ರೆಕಾರರು ಒಂದು ಸರಳ ಉಪಾಯ ಬಳಸುತ್ತಾರೆ. ಮುಂದಾಗುವುದೆಂದು ಹೇಳಿದ್ದು ಎಲ್ಲಿಯವರೆಗೆ ಚರಿತ್ರೆಗೆ ಸರಿಯಾಗಿ ಹೊಂದುತ್ತದೆ, ಎಲ್ಲಿಂದ ಮಸುಕಾಗುತ್ತದೆ ಎಂದು ನೋಡುತ್ತಾರೆ. ಆ ಗಡಿಯೇ ಸಾಮಾನ್ಯವಾಗಿ ಬರೆದ ಕಾಲ. ಬೈಬಲ್ಲಿನ ದಾನಿಯೇಲನ ಗ್ರಂಥ ಬಾಬೆಲಿನ ಕಾಲದ ಕಥೆ ಹೇಳಿದರೂ, ಅದು ಕ್ರಿ.ಪೂ. 165ರ ಸುಮಾರಿಗೆ ಈಗಿನ ರೂಪ ತಾಳಿತೆಂದು ಬಹುಪಾಲು ವಿದ್ವಾಂಸರು ಗುರುತಿಸಿರುವುದು ಹೀಗೆಯೇ. ಅಂತಿಯೋಕ ಅರಸನ ಹಿಂಸೆಯವರೆಗಿನ ವಿವರ ಅದರಲ್ಲಿ ಚೊಕ್ಕವಾಗಿದೆ. ಅವನ ಸಾವಿನ ವಿವರ ತಪ್ಪಿದೆ. ಹಿರಿಯ ಶರಣರ ಹೆಸರಿನ ಕಾಲಜ್ಞಾನಗಳಲ್ಲಿ ನಂತರದ ಅರಸರ ಸುಳಿವು ಬಂದಾಗಲೂ ಇದೇ ತರ್ಕ ಸಲ್ಲುತ್ತದೆ.

ಹಾಗೆಂದು ಇವನ್ನು ಮೋಸದ ಬರಹವೆಂದು ತಳ್ಳಿಹಾಕುವುದು ಸರಿಯಲ್ಲ. ಆಳುವವರ ಎದುರು ನೇರವಾಗಿ ಆಡಲಾಗದ ಮಾತಿಗೆ ಹಿರಿಯರ ಹೆಸರು ಆಸರೆಯಾಗುತ್ತದೆ. ನೊಂದವರಿಗೆ ಅದು ಧೈರ್ಯವನ್ನೂ ಕೊಡುತ್ತದೆ. ಆದರೆ ಒಂದು ವ್ಯತ್ಯಾಸ ಗಮನಾರ್ಹ. ಕಾಲಜ್ಞಾನದಲ್ಲಿ ಆಗುವುದು ಬಹುಮಟ್ಟಿಗೆ ಆಗಿಯೇ ತೀರುತ್ತದೆ. ಆಮೋಸ, ಯೆರೆಮೀಯರ ಮಾತಿನಲ್ಲಿ 'ತಿದ್ದಿಕೊಂಡರೆ' ಎಂಬ ಬಾಗಿಲು ತೆರೆದಿರುತ್ತದೆ. ನುಡಿದದ್ದು ನಡೆಯದಿದ್ದರೆ ಅದೇ ಪ್ರವಾದಿಯ ಗೆಲುವು.

ಮುಂದಿನ ವರ್ಷ ಕಾರಣಿಕ ಕೇಳುವಾಗ ಮಳೆ ಎಷ್ಟು ಎಂಬುದರ ಜೊತೆಗೆ, ನಾವು ತಿದ್ದಿಕೊಳ್ಳಬೇಕಾದ್ದೇನು ಎಂದೂ ಕೇಳಿಕೊಂಡರೆ ಆ ಹಳೆಯ ಕುರಿಗಾಹಿಯ ಮಾತು ನಮಗೂ ತಲುಪಿದಂತೆ.