ಹೊಗೆ ಬಿಟ್ಟ ಮೊದಲ ವಾರ, ಮಡಿಕೇರಿಯ ದಾರಿ

ಶನಿವಾರ ಬೆಳಿಗ್ಗೆ ಮೈಸೂರಿನಿಂದ ಹೊರಟು, ಮಡಿಕೇರಿ, ತಲಕಾವೇರಿ ನೋಡಿಕೊಂಡು, ಭಾನುವಾರ ರಾತ್ರಿ ಹಿಂತಿರುಗುವ ಪ್ರವಾಸ ಕಾಲೇಜು ವಿದ್ಯಾರ್ಥಿಗಳಿಗೆ ಹೊಸದಲ್ಲ. ನಾಲ್ಕೈದು ಜನ ಗೆಳೆಯರು, ಒಂದು ಕಾರು, ಮಡಿಕೇರಿಯವರೆಗೆ ಸುಮಾರು 120 ಕಿಲೋಮೀಟರ್ ದಾರಿ. ಆದರೆ ನಿಮ್ಮಲ್ಲೊಬ್ಬರು ಅದೇ ವಾರ ಸಿಗರೇಟು ಬಿಟ್ಟಿದ್ದರೆ? ಪ್ರವಾಸವನ್ನೇ ಮುಂದೂಡಬೇಕೆ? ಬೇಕಾಗಿಲ್ಲ. ದೇಹದೊಳಗೆ ಏನು ನಡೆಯುತ್ತಿದೆ ಎಂಬುದನ್ನು ಅರಿತು ಹೊರಟರೆ ಆ ಎರಡು ದಿನಗಳನ್ನು ಸಂತೋಷವಾಗಿಯೇ ಕಳೆಯಬಹುದು. ಬಿಟ್ಟವರೂ ಅವರ ಜೊತೆಗಾರರೂ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ನೋಡೋಣ.

ಕಠಿಣ ದಿನ ಯಾವುದು?

ಸಿಗರೇಟಿನ ಹೊಗೆಯನ್ನು ಒಳಕ್ಕೆಳೆದುಕೊಂಡ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ನಿಕೋಟಿನ್ ಮೆದುಳನ್ನು ತಲುಪುತ್ತದೆ. ಅಲ್ಲಿನ ನರಕೋಶಗಳ ಮೇಲಿರುವ ಗ್ರಾಹಕಗಳೆಂಬ ಸೂಕ್ಷ್ಮ ರಚನೆಗಳಿಗೆ ಅಂಟಿಕೊಂಡು, ಹಿತವೆನಿಸುವ ಡೋಪಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗುವಂತೆ ಮಾಡುತ್ತದೆ. ಪದೇ ಪದೇ ಸೇದುವವರ ಮೆದುಳಿನಲ್ಲಿ ಇಂತಹ ಗ್ರಾಹಕಗಳ ಸಂಖ್ಯೆಯೇ ಹೆಚ್ಚುತ್ತದೆ. ಸೇದುವುದನ್ನು ನಿಲ್ಲಿಸಿದಾಗ ಅವೆಲ್ಲವೂ ಖಾಲಿ ಉಳಿಯುತ್ತವೆ. ಸಿಡಿಮಿಡಿ, ಚಡಪಡಿಕೆ, ನಿದ್ರೆ ಬಾರದಿರುವುದು, ಗಮನ ನಿಲ್ಲದಿರುವುದು, ಹೆಚ್ಚು ಹಸಿವು ಇವೆಲ್ಲ ಅದರ ಲಕ್ಷಣಗಳು.

ಈ ತೊಂದರೆಗಳು ಸಾಮಾನ್ಯವಾಗಿ ಎರಡನೆಯ ಮತ್ತು ಮೂರನೆಯ ದಿನ ಅತಿ ಹೆಚ್ಚಾಗಿದ್ದು, ಎರಡರಿಂದ ನಾಲ್ಕು ವಾರಗಳಲ್ಲಿ ಕಡಿಮೆಯಾಗುತ್ತವೆ. ಆದ್ದರಿಂದ ಗುರುವಾರ ಬಿಟ್ಟವರಿಗೆ ಶನಿವಾರದ ಪ್ರಯಾಣವೇ ಕಷ್ಟದ ಹೊತ್ತು. ಸೋಮವಾರವೇ ಬಿಟ್ಟವರು ಶನಿವಾರದ ಹೊತ್ತಿಗೆ ದೊಡ್ಡ ಏರನ್ನು ದಾಟಿರುತ್ತಾರೆ. ಪ್ರವಾಸದ ದಿನ ಗೊತ್ತಿದ್ದರೆ, ಬಿಡುವ ದಿನವನ್ನು ಹೀಗೆ ಲೆಕ್ಕ ಹಾಕಿ ಆರಿಸಿಕೊಳ್ಳಿ.

ಇನ್ನೊಂದು ಸಮಾಧಾನದ ಸಂಗತಿಯೂ ಇದೆ. ಸೇದಬೇಕೆಂಬ ತುಡಿತ ಒಮ್ಮೆ ಎದ್ದರೆ ದಿನವಿಡೀ ಅದೇ ತೀವ್ರತೆಯಲ್ಲಿ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಸಾಗುವ ಕಾರು ಐದು ನಿಮಿಷದಲ್ಲಿ 5 ಕಿಲೋಮೀಟರ್ ಕ್ರಮಿಸುತ್ತದೆ. ಆಸೆ ಎದ್ದಾಗ ರಸ್ತೆ ಬದಿಯ ಐದು ಕಿಲೋಮೀಟರ್ ಕಲ್ಲುಗಳನ್ನು ಎಣಿಸಿ. ಆರನೆಯ ಕಲ್ಲು ಬರುವಷ್ಟರಲ್ಲಿ ತುಡಿತ ತಗ್ಗಿರುವುದು ನಿಮಗೇ ತಿಳಿಯುತ್ತದೆ.

ನೆನಪಿಸುವ ಜಾಗಗಳು

ಗಂಟೆಯ ಸದ್ದು ಕೇಳಿದರೆ ಸಾಕು, ಊಟ ಕಾಣದಿದ್ದರೂ ನಾಯಿಯ ಬಾಯಲ್ಲಿ ಜೊಲ್ಲು ಸುರಿಯುವುದನ್ನು ಪಾಠದಲ್ಲಿ ಓದಿರುತ್ತೀರಿ. ರಷ್ಯಾದ ವಿಜ್ಞಾನಿ ಪಾವ್ಲೋವ್ ಅಧ್ಯಯನ ಮಾಡಿದ ಈ ಕಲಿಕೆಯೇ ಸಿಗರೇಟಿನ ವಿಷಯದಲ್ಲೂ ಕೆಲಸ ಮಾಡುತ್ತದೆ. ಹುಣಸೂರಿನಲ್ಲಿ ಕಾರು ನಿಲ್ಲಿಸಿ ಚಹಾ ಲೋಟ ಹಿಡಿದ ಕೂಡಲೇ ಇನ್ನೊಂದು ಕೈ ಜೇಬಿಗೆ ಹೋಗುವುದು ಇದರಿಂದಲೇ.

ಆದ್ದರಿಂದ ಹಳೆಯ ಜೋಡಣೆಯನ್ನು ಬದಲಿಸಿ. ಬೀಡಿ ಸಿಗರೇಟು ಮಾರುವ ಪೆಟ್ಟಿಗೆ ಅಂಗಡಿಯ ಮುಂದೆ ನಿಲ್ಲುವ ಬದಲು, ಹೋಟೆಲಿನ ಒಳಗೆ ಕುಳಿತು ತಿಂಡಿ ತಿನ್ನಿ. ಊಟವಾದ ಮೇಲೆ ಹತ್ತು ನಿಮಿಷ ನಡೆಯಿರಿ. ಹೊರಡುವ ಮುನ್ನ ಕಾರಿನಿಂದ ಲೈಟರ್, ಬೆಂಕಿಪೊಟ್ಟಣ, ಉಳಿದ ಪ್ಯಾಕುಗಳನ್ನು ತೆಗೆಯಿರಿ. ಕೈಗೆ ಬಾಯಿಗೆ ಕೆಲಸ ಕೊಡಲು ಕಡಲೆಕಾಯಿ, ಸೀಬೆಹಣ್ಣು, ಕಿತ್ತಳೆ, ಏಲಕ್ಕಿ, ಸೋಂಪು ಜೊತೆಗಿರಲಿ. ಜರ್ದಾ ಅಥವಾ ಗುಟ್ಕಾ ಬದಲಿಯಲ್ಲ. ಅವುಗಳಲ್ಲಿಯೂ ಇರುವುದು ಅದೇ ತಂಬಾಕು.

ಹುಣಸೂರು, ಪಿರಿಯಾಪಟ್ಟಣದ ಸುತ್ತ ಮಳೆಗಾಲದಲ್ಲಿ ಸಾಗಿದರೆ ಅಗಲ ಎಲೆಯ ಹೊಗೆಸೊಪ್ಪಿನ ಹೊಲಗಳನ್ನೂ, ಎಲೆಯನ್ನು ಬಿಸಿಗಾಳಿಯಲ್ಲಿ ಒಣಗಿಸಿ ಹದಮಾಡುವ ಬ್ಯಾರನ್‌ಗಳನ್ನೂ ಕಾಣುವಿರಿ. ನಿಕೋಟಿನ್ ಎಂಬುದು ಈ ಗಿಡ ತನ್ನನ್ನು ತಿನ್ನುವ ಕೀಟಗಳಿಂದ ಪಾರಾಗಲು ಬೇರಿನಲ್ಲಿ ತಯಾರಿಸಿ ಎಲೆಗೆ ಸಾಗಿಸುವ ವಿಷ. ಒದ್ದೆ ಎಲೆಯನ್ನು ಬರಿಗೈಯಲ್ಲಿ ಕೀಳುವ ಕೂಲಿಕಾರರಿಗೂ ಅದು ಚರ್ಮದ ಮೂಲಕ ಒಳಸೇರಿ ವಾಕರಿಕೆ, ತಲೆಸುತ್ತು ತರಬಲ್ಲದು. ನಿಮ್ಮನ್ನು ಕಾಡುತ್ತಿರುವ ವಸ್ತುವಿನ ಮೂಲ ರಸ್ತೆ ಬದಿಯಲ್ಲೇ ಇದೆ. ಅದರ ಹಿಂದೆ ರೈತ ಕುಟುಂಬಗಳ ಜೀವನವೂ ಇದೆ ಎಂಬುದನ್ನು ಮರೆಯಬೇಡಿ.

ಕಾಫಿ ಎಷ್ಟು ಕುಡಿಯಬಹುದು?

ಕೊಡಗಿಗೆ ಹೋಗಿ ಕಾಫಿ ಕುಡಿಯದೆ ಬರುವುದುಂಟೆ? ಕುಡಿಯಿರಿ, ಆದರೆ ಅರ್ಧ ಮಾತ್ರ. ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು ಯಕೃತ್ತಿನಲ್ಲಿ ಕೆಫೀನನ್ನು ಒಡೆಯುವ ಕಿಣ್ವವನ್ನು ಚುರುಕುಗೊಳಿಸುತ್ತವೆ. ಸೇದುವುದು ನಿಂತ ಕೆಲವೇ ದಿನಗಳಲ್ಲಿ ಆ ಚುರುಕು ಇಳಿಯುತ್ತದೆ. ಆಗ ಹಿಂದಿನಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಕೆಫೀನ್ ಸುಮಾರು ಎರಡರಷ್ಟಾಗಬಹುದು. ಎದೆ ಡವಗುಟ್ಟುವುದು, ಕೈ ನಡುಗುವುದು, ರಾತ್ರಿ ನಿದ್ರೆ ಬಾರದಿರುವುದು ಎಲ್ಲವೂ ಸಿಗರೇಟು ಬಿಟ್ಟಿದ್ದರಿಂದಲೇ ಎಂದು ಭಾವಿಸಿ, ಅನೇಕರು ಮತ್ತೆ ಸೇದತೊಡಗುತ್ತಾರೆ. ತಪ್ಪಿತಸ್ಥ ನಾಲ್ಕನೆಯ ಲೋಟ ಕಾಫಿ ಇರಬಹುದು!

ಮೆಟ್ಟಿಲು ಹತ್ತುವಾಗ

ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಂಡು, ಆಮ್ಲಜನಕ ಕೂರಬೇಕಾದ ಜಾಗವನ್ನು ಆಕ್ರಮಿಸುತ್ತದೆ. ಸೇದುವುದು ನಿಂತ ಒಂದು ದಿನದೊಳಗೆ ಈ ಅನಿಲದ ಮಟ್ಟ ಸಾಮಾನ್ಯಕ್ಕೆ ಇಳಿಯುತ್ತದೆ. ಅಂದರೆ ಅಬ್ಬಿ ಜಲಪಾತದ ಮೆಟ್ಟಿಲುಗಳನ್ನೋ, ಸುಮಾರು 1,276 ಮೀಟರ್ ಎತ್ತರದ ತಲಕಾವೇರಿಯ ಮೆಟ್ಟಿಲುಗಳನ್ನೋ ಹತ್ತುವಾಗ ನಿಮ್ಮ ರಕ್ತ ಆಗಲೇ ಹೆಚ್ಚು ಆಮ್ಲಜನಕವನ್ನು ಹೊತ್ತೊಯ್ಯುತ್ತಿರುತ್ತದೆ. ಶ್ವಾಸಕೋಶದ ಶಕ್ತಿ ಸುಧಾರಿಸಲು ಮಾತ್ರ ಕೆಲವು ವಾರಗಳು ಬೇಕು. ಈ ನಡುವೆ ಕೆಮ್ಮು ತುಸು ಹೆಚ್ಚಾದರೆ ಗಾಬರಿ ಬೇಡ. ಶ್ವಾಸನಾಳದ ಸೂಕ್ಷ್ಮ ರೋಮಗಳು ಮತ್ತೆ ಚೇತರಿಸಿಕೊಂಡು ಕಫವನ್ನು ಹೊರದೂಡುತ್ತಿರುವುದರ ಗುರುತು ಅದು. ಕೆಮ್ಮು ವಾರಗಟ್ಟಲೆ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ.

ಜೊತೆಗಾರರಿಗೆ ಒಂದು ಮಾತು

ಬಿಟ್ಟು ಎರಡು ಮೂರು ದಿನವಷ್ಟೇ ಆದವರ ಗಮನ ಚದುರುತ್ತಿರುತ್ತದೆ. ಕುಶಾಲನಗರ ದಾಟಿ, ಸುಂಟಿಕೊಪ್ಪದಿಂದ ಮಡಿಕೇರಿಗೆ ಏರುವ ತಿರುವು ರಸ್ತೆಯಲ್ಲಿ ಚಾಲನೆಯನ್ನು ಬೇರೊಬ್ಬರು ವಹಿಸಿಕೊಳ್ಳುವುದು ಕ್ಷೇಮ. ಅವರು ಸಣ್ಣ ಮಾತಿಗೆ ರೇಗಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಕಾರಿನೊಳಗೆ ಯಾರೂ ಸೇದಬೇಡಿ. "ಮಗಾ, ಒಂದೇ ಒಂದು ದಮ್ ಎಳಿ, ಏನಾಗಲ್ಲ" ಎಂಬ ಮಾತು ಗೆಳೆತನದ್ದೇ ಇರಬಹುದು. ಆದರೆ ಐದು ದಿನದ ಶ್ರಮವನ್ನು ಕೆಡವಲು ಅಷ್ಟೇ ಸಾಕಾಗುತ್ತದೆ.

ಕಾನೂನೂ ನಿಮ್ಮ ಪರವಾಗಿದೆ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧದ ನಿಯಮಗಳು 2008ರ ಅಕ್ಟೋಬರ್ 2ರಿಂದ ದೇಶದಲ್ಲಿ ಜಾರಿಯಲ್ಲಿವೆ. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಇದರ ದಂಡವನ್ನು 1,000 ರೂಪಾಯಿವರೆಗೆ ಏರಿಸಿದೆ. 21 ವರ್ಷ ತುಂಬದವರಿಗೆ ತಂಬಾಕು ಮಾರುವುದನ್ನು ನಿಷೇಧಿಸಿದೆ.

ಇಷ್ಟಾದರೂ ಒಂದು ಸಿಗರೇಟು ಸೇದಿಬಿಟ್ಟಿರೆ? "ಎಲ್ಲ ಮುಗಿಯಿತು" ಎಂದು ಪ್ಯಾಕು ಕೊಳ್ಳಬೇಡಿ. ಎಡವಿದ್ದು ಯಾವ ಜಾಗದಲ್ಲಿ, ಯಾರ ಜೊತೆ ಎಂಬುದನ್ನು ಗುರುತು ಹಾಕಿಕೊಂಡು, ಆ ಗಳಿಗೆಯಿಂದಲೇ ಮತ್ತೆ ಬಿಡಿ. ಅನೇಕರು ಹಲವು ಸಲ ಪ್ರಯತ್ನಿಸಿದ ಮೇಲೆಯೇ ಗೆದ್ದಿದ್ದಾರೆ. ನೆರವು ಬೇಕಾದರೆ ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನಿನ ಉಚಿತ ಸಂಖ್ಯೆ 1800-11-2356ಕ್ಕೆ ಕರೆ ಮಾಡಬಹುದು. ನಿಕೋಟಿನ್ ಗಮ್ ಬಳಸುವುದಾದರೆ ವೈದ್ಯರ ಸಲಹೆ ಪಡೆದೇ ಬಳಸಿ.

ಭಾನುವಾರ ರಾತ್ರಿ ಮನೆ ಸೇರಿದಾಗ, ಎರಡು ದಿನ ಸಿಗರೇಟಿಗೆ ಖರ್ಚಾಗದೆ ಉಳಿದ ಹಣವನ್ನು ಎಣಿಸಿ ಬೇರೆ ಇಡಿ. ಮುಂದಿನ ಪ್ರವಾಸದ ಪೆಟ್ರೋಲಿಗೆ ಅದೇ ಮೊದಲ ಕಂತಾಗಲಿ.