ಭಿನ್ನರಾಶಿಯ ಸರಳ ರೂಪ

ಒಂದು ರೂಪಾಯಿಗೆ ಹದಿನಾರು ಆಣೆ, ಒಂದು ಆಣೆಗೆ ಹನ್ನೆರಡು ಪೈ ಎಂಬ ಲೆಕ್ಕ ಹಿಂದೆ ಭಾರತದಲ್ಲಿ ರೂಢಿಯಲ್ಲಿತ್ತು. ಅದರಂತೆ ಒಂದು ರೂಪಾಯಿಗೆ 192 ಪೈಗಳು. ಹಾಗಾದರೆ 84 ಪೈಗಳೆಂದರೆ ರೂಪಾಯಿಯ ಎಷ್ಟು ಭಾಗ? 84/192 ಎಂದು ಉತ್ತರವಿತ್ತರೆ ಅದು ತಪ್ಪಲ್ಲ. ಆದರೆ ಕೇಳಿದವನಿಗೆ ಆ ಮೊತ್ತದ ಅಂದಾಜು ಸುಲಭವಾಗಿ ದೊರೆಯುವುದಿಲ್ಲ. ಅದನ್ನೇ 7/16 ರೂಪಾಯಿ, ಎಂದರೆ ಏಳಾಣೆ, ಎಂದೊಡನೆ ವಿಷಯ ತಿಳಿಯಾಗುತ್ತದೆ. ಎರಡು ಭಿನ್ನರಾಶಿಗಳ ಬೆಲೆಯೂ ಒಂದೇ. ರೂಪ ಮಾತ್ರ ಬೇರೆ.

84/192 ಎಂಬುದನ್ನು 7/16ಕ್ಕೆ ಇಳಿಸಲು ಹಲವು ದಾರಿಗಳುಂಟು. ಒಬ್ಬ ವಿದ್ಯಾರ್ಥಿಯು ಅಂಶವನ್ನೂ ಛೇದವನ್ನೂ 2ರಿಂದ ಭಾಗಿಸಿ 42/96 ಎಂದು ಬರೆಯುತ್ತಾನೆ. ಮತ್ತೆ 2ರಿಂದ ಭಾಗಿಸಿ 21/48 ಎಂದೂ, ಕೊನೆಗೆ 3ರಿಂದ ಭಾಗಿಸಿ 7/16 ಎಂದೂ ಬರೆಯುತ್ತಾನೆ. ಇನ್ನೊಬ್ಬನು ಮೊದಲು 3ರಿಂದ ಭಾಗಿಸಿ 28/64 ಪಡೆದು, ಅನಂತರ 4ರಿಂದ ಭಾಗಿಸುತ್ತಾನೆ. ಮತ್ತೊಬ್ಬಳು ಒಂದೇ ಸಲ 12ರಿಂದ ಭಾಗಿಸಿ ಕೆಲಸ ಮುಗಿಸುತ್ತಾಳೆ. ಬೇರೆ ಬೇರೆ ದಾರಿ ಹಿಡಿದವರೆಲ್ಲರೂ ಒಂದೇ ಊರನ್ನು ಸೇರಿದುದು ಆಕಸ್ಮಿಕವೆ? ನಾಲ್ಕನೆಯವನೊಬ್ಬನು ಮತ್ತೊಂದು ದಾರಿ ಹಿಡಿದು ಬೇರೆ ಊರನ್ನು ಸೇರುವ ಸಂಭವವುಂಟೆ? 7/16ರಲ್ಲಿಯೇ ನಿಲ್ಲಬೇಕೆಂಬುದಕ್ಕೆ ಆಧಾರವೇನು?

ಈ ಪ್ರಶ್ನೆಗಳಿಗೆ ಉತ್ತರವಿರುವುದು ಅವಿಭಾಜ್ಯ ಸಂಖ್ಯೆಗಳಲ್ಲಿ. 1ಕ್ಕಿಂತ ದೊಡ್ಡದಾಗಿದ್ದು, 1 ಮತ್ತು ತನ್ನನ್ನು ಬಿಟ್ಟು ಬೇರಾವ ಪೂರ್ಣ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಯೇ ಅವಿಭಾಜ್ಯ ಸಂಖ್ಯೆ. 2, 3, 5, 7, 11, 13 ಮೊದಲಾದವು ಇಂಥವು. 1ಕ್ಕಿಂತ ದೊಡ್ಡದಾದ ಯಾವ ಸಂಖ್ಯೆಯನ್ನೇ ತೆಗೆದುಕೊಂಡರೂ ಅದು ಸ್ವತಃ ಅವಿಭಾಜ್ಯವಾಗಿರುತ್ತದೆ, ಇಲ್ಲವೆ ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿರುತ್ತದೆ. ಅಷ್ಟೇ ಅಲ್ಲ, ಅಪವರ್ತನಗಳ ಕ್ರಮವೊಂದನ್ನು ಬಿಟ್ಟರೆ, ಹಾಗೆ ಬರೆಯುವ ರೀತಿಯೂ ಒಂದೇ. ಕ್ರಿ.ಪೂ. 300ರ ಸುಮಾರಿನಲ್ಲಿದ್ದ ಗ್ರೀಕ್ ಗಣಿತಜ್ಞ ಯೂಕ್ಲಿಡನು ಈ ತತ್ತ್ವಕ್ಕೆ ಬೇಕಾದ ತಳಹದಿಯನ್ನು ಹಾಕಿದನು. 1801ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಜರ್ಮನಿಯ ಗೌಸ್ ಅದನ್ನು ಸ್ಪಷ್ಟವಾಗಿ ನಿರೂಪಿಸಿ ಸಾಧಿಸಿದನು. 1ನ್ನು ಅವಿಭಾಜ್ಯ ಸಂಖ್ಯೆಗಳ ಸಾಲಿಗೆ ಸೇರಿಸದಿರುವುದೂ ಇದಕ್ಕಾಗಿಯೇ. ಸೇರಿಸಿದ್ದರೆ 6ನ್ನು 2×3 ಎಂದೂ, 1×2×3 ಎಂದೂ, 1×1×2×3 ಎಂದೂ ಕೊನೆಯಿಲ್ಲದೆ ಬರೆಯುತ್ತ ಹೋಗಬಹುದಾಗಿತ್ತು.

ಈಗ ಮೊದಲಿನ ಭಿನ್ನರಾಶಿಯನ್ನು ಮತ್ತೆ ನೋಡಬಹುದು.

84 = 2×2×3×7
192 = 2×2×2×2×2×2×3

ಅಂಶದಲ್ಲಿ ಎರಡು 2ಗಳಿವೆ, ಛೇದದಲ್ಲಿ ಆರು. ಆದುದರಿಂದ ಎರಡೂ ಕಡೆಗಳಲ್ಲಿ ಎರಡೆರಡು 2ಗಳನ್ನು ತೆಗೆಯಬಹುದು. ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ. 3 ಎರಡು ಕಡೆಯೂ ಒಂದೊಂದಿದೆ, ಅದನ್ನೂ ತೆಗೆಯಬಹುದು. 7 ಅಂಶದಲ್ಲಿ ಮಾತ್ರವಿದೆ, ಅದು ಉಳಿಯಲೇಬೇಕು. ಮೊದಲು 2ನ್ನು ತೆಗೆದರೇನು, 3ನ್ನು ತೆಗೆದರೇನು, ಕೊನೆಗೆ ಉಳಿಯುವುದು 7/(2×2×2×2), ಅಂದರೆ 7/16. ಅಂಶ ಛೇದಗಳೆರಡರಲ್ಲಿಯೂ ಇರುವ ಅವಿಭಾಜ್ಯ ಅಪವರ್ತನ ಇನ್ನೊಂದಿಲ್ಲವಾದುದರಿಂದ ಇಲ್ಲಿಂದ ಮುಂದಕ್ಕೆ ದಾರಿಯಿಲ್ಲ. ಇದೇ ಆ ಭಿನ್ನರಾಶಿಯ ಸರಳ ರೂಪ. ತೆಗೆದುಹಾಕಿದ 2×2×3, ಎಂದರೆ 12, ಆ ಎರಡು ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನ.

ಕೆಲವು ಭಿನ್ನರಾಶಿಗಳು ನೋಟಕ್ಕೆ ಸರಳರೂಪದಲ್ಲಿಯೇ ಇರುವಂತೆ ತೋರುತ್ತವೆ. 221/323 ಅಂಥದು. 2, 3, 5, 7, 11 ಇವುಗಳಲ್ಲಿ ಒಂದಾದರೂ ಈ ಸಂಖ್ಯೆಗಳನ್ನು ಭಾಗಿಸದು. ಇಷ್ಟರಲ್ಲಿಯೇ ಬೇಸತ್ತು ಕೈಬಿಟ್ಟವನು ಮೋಸಹೋದಂತೆಯೇ. 13ನ್ನೂ ಪರೀಕ್ಷಿಸಿದವನಿಗೆ 221 = 13×17 ಎಂಬುದು ಗೊತ್ತಾಗುತ್ತದೆ. 323 = 17×19. 17ನ್ನು ತೆಗೆದರೆ ಉಳಿಯುವುದು 13/19. ಇಂಥ ಪರೀಕ್ಷೆಯನ್ನು ಎಲ್ಲಿಯವರೆಗೆ ನಡೆಸಬೇಕೆಂಬುದಕ್ಕೆ ಒಂದು ನಿಯಮವುಂಟು. ಯಾವ ಅವಿಭಾಜ್ಯ ಸಂಖ್ಯೆಯ ವರ್ಗವು ದತ್ತ ಸಂಖ್ಯೆಯನ್ನು ಮೀರುತ್ತದೆಯೋ ಅಲ್ಲಿಗೆ ಪರೀಕ್ಷೆಯನ್ನು ನಿಲ್ಲಿಸಬಹುದು. 17ರ ವರ್ಗ 289. ಅದು 221ನ್ನು ಮೀರುವುದರಿಂದ 221ರ ವಿಷಯದಲ್ಲಿ 13ರವರೆಗೆ ಪರೀಕ್ಷಿಸಿದರೆ ಸಾಕು.

ಭಿನ್ನರಾಶಿಯನ್ನು ಸರಳಗೊಳಿಸುವುದೆಂದರೆ ಮೇಲೂ ಕೆಳಗೂ ಒಂದೇ ಬಗೆಯಾಗಿ ಕಾಣುವ ಅಂಕಿಗಳನ್ನು ಹೊಡೆದುಹಾಕುವುದೆಂದು ಕೆಲವರು ಭಾವಿಸುತ್ತಾರೆ. ಒಬ್ಬನು 16/64ರಲ್ಲಿ ಎರಡೂ ಕಡೆಯ 6ನ್ನು ಹೊಡೆದುಹಾಕಿ 1/4 ಎಂದು ಬರೆದನೆನ್ನೋಣ. ಉತ್ತರವೇನೋ ಸರಿ! 19/95ರಲ್ಲಿ 9ನ್ನು ಹೊಡೆದರೆ 1/5 ಬರುತ್ತದೆ, ಅದೂ ಸರಿಯೇ. ಇಷ್ಟರಿಂದ ಧೈರ್ಯಗೊಂಡು ಅವನು 13/39ರಲ್ಲಿ 3ನ್ನು ಹೊಡೆದುಹಾಕಿದರೆ 1/9 ಬರುತ್ತದೆ. ನಿಜವಾದ ಉತ್ತರ 1/3. ಮೊದಲ ಎರಡು ಉತ್ತರಗಳು ಸರಿಯಾದುದು ಕಾಕತಾಳೀಯ. 64ರಲ್ಲಿನ 6 ಅರವತ್ತನ್ನು ಸೂಚಿಸುವ ಅಂಕಿಯೇ ಹೊರತು 64ರ ಅಪವರ್ತನವಲ್ಲ. ಹಾಗೆಯೇ (6+5)/(6+7) ಎಂಬಲ್ಲಿ 6ನ್ನು ಹೊಡೆದುಹಾಕಿ 5/7 ಎನ್ನುವುದೂ ತಪ್ಪು. ಅದರ ಬೆಲೆ 11/13. ಕೂಡಿರುವ ಸಂಖ್ಯೆಗಳನ್ನು ಹಾಗೆ ತೆಗೆಯಲು ಬಾರದು. ಗುಣಿಸಿರುವ ಸಂಖ್ಯೆಗಳನ್ನು ಮಾತ್ರ ತೆಗೆಯಬಹುದು. ಏಕೆಂದರೆ ತೆಗೆಯುವುದೆಂದರೆ ಅಂಶವನ್ನೂ ಛೇದವನ್ನೂ ಒಂದೇ ಸಂಖ್ಯೆಯಿಂದ ಭಾಗಿಸುವುದೆಂದೇ ಅರ್ಥ. ತಪ್ಪು ದಾರಿಯಲ್ಲಿ ದೊರೆತ ಸರಿಯುತ್ತರವು ಮುಂದಿನ ಲೆಕ್ಕದಲ್ಲಿ ಕೈಕೊಡದಿರದು.

ಭಿನ್ನರಾಶಿಗಳನ್ನು ಕೂಡುವಾಗಲೂ ಅಪವರ್ತನಗಳು ನೆರವಾಗುತ್ತವೆ. 5/12 ಮತ್ತು 7/18 ಇವುಗಳನ್ನು ಕೂಡಲು ಛೇದಗಳೆರಡನ್ನೂ ಗುಣಿಸಿದರೆ 216 ಬರುತ್ತದೆ. ಮೊತ್ತವು 174/216 ಆಗುತ್ತದೆ. ಅದನ್ನು ಮತ್ತೆ 6ರಿಂದ ಭಾಗಿಸಿ 29/36ಕ್ಕೆ ಇಳಿಸಬೇಕು. ಈ ಶ್ರಮವನ್ನು ತಪ್ಪಿಸುವ ಬಗೆಯನ್ನು ಕ್ರಿ.ಶ. ಒಂಬತ್ತನೆಯ ಶತಮಾನದಲ್ಲಿಯೇ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಹೇಳಿದ್ದಾನೆ. ಈ ಸಂಸ್ಕೃತ ಗ್ರಂಥದ ಆರಂಭದಲ್ಲಿ ಅವನು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಸ್ತುತಿಸಿದ್ದಾನೆ. ಛೇದಗಳ ಸಾಮಾನ್ಯ ಅಪವರ್ತನವನ್ನೂ, ಅದರಿಂದ ಛೇದಗಳನ್ನು ಭಾಗಿಸಿದಾಗ ಬರುವ ಭಾಗಲಬ್ಧಗಳನ್ನೂ ಒಟ್ಟಿಗೆ ಗುಣಿಸಿದರೆ ದೊರೆಯುವ ಸಂಖ್ಯೆಯನ್ನು ಅವನು 'ನಿರುದ್ಧ' ಎಂದು ಕರೆದನು. ಇಂದಿನ ಪಾಠಗಳಲ್ಲಿ ಅದರ ಹೆಸರು ಲಘುತ್ತಮ ಸಾಮಾನ್ಯ ಅಪವರ್ತ್ಯ. 12 ಮತ್ತು 18ರ ಮಹತ್ತಮ ಸಾಮಾನ್ಯ ಅಪವರ್ತನ 6; ಭಾಗಲಬ್ಧಗಳು 2 ಮತ್ತು 3. ಆದುದರಿಂದ ನಿರುದ್ಧವು 6×2×3 = 36. ಈಗ 15/36 ಮತ್ತು 14/36 ಕೂಡಿ 29/36 ಆಗುತ್ತದೆ.

ಅಪವರ್ತನಗಳ ಪ್ರಭಾವ ದಿನನಿತ್ಯದ ಹಣದ ಲೆಕ್ಕದಲ್ಲಿಯೂ ಕಾಣುತ್ತದೆ. ಹಳೆಯ ರೂಪಾಯಿಯ 192 ಪೈಗಳಲ್ಲಿ 3 ಎಂಬ ಅಪವರ್ತನವಿತ್ತು. ಆದುದರಿಂದ ಒಂದು ರೂಪಾಯಿಯನ್ನು ಮೂವರಿಗೆ ಹಂಚಿದರೆ ಒಬ್ಬೊಬ್ಬರಿಗೂ 64 ಪೈ, ಎಂದರೆ ಐದಾಣೆ ನಾಲ್ಕು ಪೈ ಸರಿಯಾಗಿ ದೊರೆಯುತ್ತಿತ್ತು. 1957ರ ಏಪ್ರಿಲ್ 1ರಿಂದ ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದು ರೂಪಾಯಿಗೆ ನೂರು ಪೈಸೆಗಳಾದವು. 100 = 2×2×5×5. ಇದರಲ್ಲಿ 3 ಇಲ್ಲ. ಎಷ್ಟೇ ಜಾಣತನದಿಂದ ಹಂಚಿದರೂ ಮೂವರಿಗೆ 33 ಪೈಸೆಗಳಂತೆ ಕೊಟ್ಟು ಒಂದು ಪೈಸೆ ಉಳಿಯುತ್ತದೆ. 1/3ನ್ನು ದಶಮಾಂಶವಾಗಿ ಬರೆದಾಗ 0.333... ಎಂದು ಮುಗಿಯದೆ ಸಾಗುವುದಕ್ಕೂ ಕಾರಣವಿದೇ. ಸರಳರೂಪದಲ್ಲಿರುವ ಭಿನ್ನರಾಶಿಯ ಛೇದದಲ್ಲಿ 2 ಮತ್ತು 5ನ್ನು ಬಿಟ್ಟು ಬೇರೆ ಅವಿಭಾಜ್ಯ ಅಪವರ್ತನವಿಲ್ಲದಿದ್ದರೆ ಮಾತ್ರ ಅದರ ದಶಮಾಂಶ ರೂಪವು ಕೊನೆಗೊಳ್ಳುತ್ತದೆ. 7/16 = 0.4375 ಎಂದು ಮುಗಿಯುವುದು ಅದರಿಂದಲೇ. 6/15ರ ಛೇದದಲ್ಲಿ 3 ಇದೆಯಲ್ಲ ಎಂದು ಸಂದೇಹಪಡಬಹುದು. ಅದರ ಸರಳ ರೂಪ 2/5, ಬೆಲೆ 0.4. ಸರಳಗೊಳಿಸದೆ ತೀರ್ಪು ಹೇಳುವುದು ಸಲ್ಲದು.

ಸಂಖ್ಯೆಗಳು ಬಹಳ ದೊಡ್ಡವಾದಂತೆ ಅವುಗಳ ಅವಿಭಾಜ್ಯ ಅಪವರ್ತನಗಳನ್ನು ಹುಡುಕುವುದು ಅತ್ಯಂತ ಕಷ್ಟವಾಗುತ್ತದೆ. 1977ರಲ್ಲಿ ರಿವೆಸ್ಟ್, ಶಮೀರ್ ಮತ್ತು ಏಡಲ್‌ಮನ್ ಎಂಬ ಮೂವರು ವಿಜ್ಞಾನಿಗಳು ಈ ಕಷ್ಟವನ್ನೇ ಆಧಾರವಾಗಿಟ್ಟುಕೊಂಡು ಗುಪ್ತ ಸಂದೇಶಗಳನ್ನು ಕಾಪಾಡುವ ವಿಧಾನವೊಂದನ್ನು ರೂಪಿಸಿದರು. ಆದರೆ ಭಿನ್ನರಾಶಿಯನ್ನು ಸರಳಗೊಳಿಸುವವನು ಇದಕ್ಕೆ ಹೆದರಬೇಕಾಗಿಲ್ಲ. ಯೂಕ್ಲಿಡನು ತೋರಿಸಿದ ಇನ್ನೊಂದು ದಾರಿಯುಂಟು. 323ನ್ನು 221ರಿಂದ ಭಾಗಿಸಿದರೆ ಶೇಷ 102; 221ನ್ನು 102ರಿಂದ ಭಾಗಿಸಿದರೆ ಶೇಷ 17; 102ನ್ನು 17ರಿಂದ ಭಾಗಿಸಿದರೆ ಶೇಷವಿಲ್ಲ. ಕೊನೆಯ ಭಾಜಕವಾದ 17 ಅವುಗಳ ಮಹತ್ತಮ ಸಾಮಾನ್ಯ ಅಪವರ್ತನ. ಒಂದು ಅಪವರ್ತನವನ್ನೂ ಹುಡುಕದೆಯೇ ಅದು ಕೈಸೇರಿತು.

ಯೂಕ್ಲಿಡನ ದಾರಿ ಉತ್ತರವನ್ನು ಬೇಗ ಕೊಡುತ್ತದೆ. ಅವಿಭಾಜ್ಯ ಅಪವರ್ತನಗಳ ದಾರಿ ಆ ಉತ್ತರ ಏಕೆ ಒಂದೇ ಎಂಬುದನ್ನು ತೋರಿಸುತ್ತದೆ. 84/192 ಎಂಬುದು ಯಾರ ಕೈಯಲ್ಲಿ, ಯಾವ ಕ್ರಮದಲ್ಲಿ ಸರಳಗೊಂಡರೂ ತಪ್ಪಿಲ್ಲದಿದ್ದರೆ 7/16 ಆಗಿಯೇ ನಿಲ್ಲುತ್ತದೆ. ಅದನ್ನು ಒಪ್ಪಲು ಗುರುಗಳ ಮಾತಾಗಲಿ, ಪುಸ್ತಕದ ಹಿಂದಿನ ಉತ್ತರಮಾಲೆಯಾಗಲಿ ಬೇಕಾಗಿಲ್ಲ. ಕಾರಣವನ್ನು ಕಂಡುಕೊಂಡ ವಿದ್ಯಾರ್ಥಿಯು ತನ್ನ ಲೆಕ್ಕವನ್ನು ತಾನೇ ಪರೀಕ್ಷಿಸಬಲ್ಲನು.