ಹನ್ನೊಂದನೇ ತರಗತಿಯಲ್ಲಿ ಯಾವ ಗಣಿತ?



ಹತ್ತನೇ ತರಗತಿಯ ಪರೀಕ್ಷೆ ಮುಗಿಯಿತೆಂದು ಮಕ್ಕಳು ಉಸಿರು ಬಿಡುವಷ್ಟರಲ್ಲೇ ಹನ್ನೊಂದನೇ ತರಗತಿಯ ಅರ್ಜಿ ಮನೆಗೆ ಬಂದಿರುತ್ತದೆ. ಅಬ್ಬಾಸಿಯಾ, ಸಾಲ್ಮಿಯಾ, ಮಂಗಾಫ್ ಕಡೆಯ ನಮ್ಮ ಮನೆಗಳಲ್ಲಿ ಶುಕ್ರವಾರದ ಊಟದ ಹೊತ್ತಿಗೆ ಇದೇ ಮಾತು. "ಮಗಳು ಡಾಕ್ಟರ್ ಆಗ್ತಾಳಂತೆ, ನೀಟ್ ಪರೀಕ್ಷೆಯಲ್ಲಿ ಗಣಿತ ಇಲ್ಲವಲ್ಲ, ಬಿಟ್ಟರೆ ಏನಾಗುತ್ತೆ?" ಸಾಫ್ಟ್‌ವೇರ್ ಕೆಲಸದಲ್ಲಿರುವ ನಮ್ಮನ್ನು ಕೇಳುವವರು ಹೆಚ್ಚಾದ್ದರಿಂದ, ನಮಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಪರಿಚಯದ ಮನೆಯ ಹುಡುಗಿಯೊಬ್ಬಳು ಹೀಗೆಯೇ ಗಣಿತ ಬಿಟ್ಟು ಜೀವಶಾಸ್ತ್ರ ಹಿಡಿದಳು. ಹನ್ನೆರಡನೇ ತರಗತಿಗೆ ಬಂದಾಗ ಅವಳ ಮನಸ್ಸು ಭೌತಶಾಸ್ತ್ರದ ಕಡೆ ತಿರುಗಿತು. ಊರಲ್ಲಿ ವಿಚಾರಿಸಿದ ಕಾಲೇಜುಗಳಲ್ಲೆಲ್ಲ ಭೌತಶಾಸ್ತ್ರದ ಬಿ.ಎಸ್ಸಿ.ಗೆ ಕೇಳಿದ್ದು ಒಂದೇ ಪ್ರಶ್ನೆ, ಗಣಿತ ಓದಿದ್ದೀಯಾ? ಒಂದು ವರ್ಷ ಹಾಗೇ ಹೋಯಿತು. ತಪ್ಪು ಅವಳದ್ದಲ್ಲ. ಹದಿನೈದು ವರ್ಷದ ಮಗುವಿಗೆ ಸಲಹೆ ಕೊಟ್ಟವರು ನಾವು ದೊಡ್ಡವರೇ.

ಸಿ.ಬಿ.ಎಸ್.ಇ.ಯಲ್ಲಿ ಈಗ ಎರಡು ಬಗೆಯ ಗಣಿತವಿದೆ. ಹಳೆಯ ಮ್ಯಾಥಮ್ಯಾಟಿಕ್ಸ್ ಒಂದು, 2020-21ರಲ್ಲಿ ಹನ್ನೊಂದನೇ ತರಗತಿಗೆ ಬಂದ ಅಪ್ಲೈಡ್ ಮ್ಯಾಥಮ್ಯಾಟಿಕ್ಸ್ ಇನ್ನೊಂದು. 'ಅಪ್ಲೈಡ್' ಎಂಬ ಹೆಸರು ಕೇಳಿ ಇದೇ ವಿಜ್ಞಾನಕ್ಕೆ ಹತ್ತಿರವಾದದ್ದು ಎಂದು ಹಲವು ಪಾಲಕರು ಭಾವಿಸುತ್ತಾರೆ. ಆದರೆ ಇದು ಮುಖ್ಯವಾಗಿ ವಾಣಿಜ್ಯ, ಅರ್ಥಶಾಸ್ತ್ರದ ಮಕ್ಕಳಿಗಾಗಿ ಮಾಡಿದ್ದು. ಬಡ್ಡಿ, ಸಂಖ್ಯಾಶಾಸ್ತ್ರ ಇದರಲ್ಲಿ ಚೆನ್ನಾಗಿದೆ, ಕ್ಯಾಲ್ಕುಲಸ್ಸೂ ಸ್ವಲ್ಪ ಇದೆ. ವೆಕ್ಟರ್ ಮತ್ತು ಮೂರು ಆಯಾಮದ ಜ್ಯಾಮಿತಿ ಇಲ್ಲ. ಹಳೆಯ ಗಣಿತದಲ್ಲಾದರೋ ಹನ್ನೆರಡನೇ ತರಗತಿಯ 80 ಅಂಕಗಳ ಲಿಖಿತ ಪರೀಕ್ಷೆಯಲ್ಲಿ 35 ಅಂಕ ಕ್ಯಾಲ್ಕುಲಸ್‌ಗೆ, 14 ಅಂಕ ವೆಕ್ಟರ್ ಮತ್ತು ಆ ಜ್ಯಾಮಿತಿಗೆ.

ಭೌತಶಾಸ್ತ್ರ ನಿಂತಿರುವುದು ಇವೆರಡರ ಮೇಲೆಯೇ. ಇನ್ನೊಂದು ತಮಾಷೆ ನೋಡಿ. ಹನ್ನೊಂದನೇ ತರಗತಿಯ ಭೌತಶಾಸ್ತ್ರದ ಪುಸ್ತಕದಲ್ಲಿ ವೇಗ, ವೇಗೋತ್ಕರ್ಷದ ಪಾಠ ಮೊದಲ ತಿಂಗಳುಗಳಲ್ಲೇ ಬರುತ್ತದೆ, ಡೆರಿವೇಟಿವ್ ಇಲ್ಲದೆ ಅದು ಪೂರ್ತಿ ಅರ್ಥವಾಗದು. ಗಣಿತದ ಪುಸ್ತಕದಲ್ಲಿ ಡೆರಿವೇಟಿವ್ ಇರುವುದು ಕೊನೆಯ ಪಾಠಗಳಲ್ಲಿ. ವೆಕ್ಟರ್ ಅಂತೂ ಮುಂದಿನ ವರ್ಷಕ್ಕೆ! ಗಣಿತ ತೆಗೆದುಕೊಂಡ ಮಕ್ಕಳೇ ಇಲ್ಲಿ ತಡವರಿಸುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಮನೆಯಲ್ಲೇ ಇವೆರಡರ ಪರಿಚಯ ಮಾಡಿಸಿದರೆ ಅರ್ಧ ಕಷ್ಟ ಕಡಿಮೆಯಾಗುತ್ತದೆ.

ಹಾಗಾದರೆ ಡಾಕ್ಟರ್ ಆಗಬೇಕೆನ್ನುವ ಮಗು? ಅದಕ್ಕೂ ದಾರಿಯಿದೆ. ಇಂಗ್ಲಿಷ್, ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ, ಲೆಕ್ಕ ಹಾಕಿದರೆ ಸರಿಯಾಗಿ ಐದು ವಿಷಯ. ನಮ್ಮ ಕಾಲದ ಪಿ.ಯು.ಸಿ.ಯ ಪಿ.ಸಿ.ಎಂ.ಬಿ.ಯೇ ಇದು. ಕಂಪ್ಯೂಟರ್ ಸೈನ್ಸ್ ಬಿಟ್ಟುಹೋಗುತ್ತದೆ, ಅದರ ಬಗ್ಗೆ ಚಿಂತೆ ಬೇಡ. ಪ್ರೋಗ್ರಾಮಿಂಗ್ ಯಾವಾಗ ಬೇಕಾದರೂ ಕಲಿಯಬಹುದು. ನಾವು ಸ್ನಾತಕೋತ್ತರ ಪದವಿ ಓದುವಾಗ ಒದ್ದಾಡಿದ್ದು ಪ್ರೋಗ್ರಾಮಿಂಗ್‌ನಲ್ಲಲ್ಲ, ಮೇಟ್ರಿಕ್ಸ್ ಮತ್ತು ಸಂಭವನೀಯತೆಯಲ್ಲಿ.

ಜೀವಶಾಸ್ತ್ರವನ್ನು ಆಮೇಲೆ ಸೇರಿಸಿಕೊಳ್ಳಲು ಬಾಗಿಲು ಸ್ವಲ್ಪ ತೆರೆದಿದೆ. ಹನ್ನೆರಡರ ನಂತರ ಅದನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿದವರೂ ನೀಟ್ ಬರೆಯಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ಹೇಳಿತು. ಎರಡು ವರ್ಷ ಬಿಟ್ಟ ಗಣಿತವನ್ನು ಹಾಗೆ ಹಿಡಿಯುವುದು ಬಹಳ ಕಷ್ಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷಗಳ ವಿಜ್ಞಾನ ಪದವಿ ಆರಂಭಿಸಿದಾಗ, ಮುಂದೆ ಜೀವಶಾಸ್ತ್ರ ಆರಿಸುವವರಿಗೂ ಮೊದಲ ಮೂರು ಸೆಮಿಸ್ಟರ್ ಗಣಿತವನ್ನು ಕಡ್ಡಾಯವಾಗಿಟ್ಟಿತು.

ಸುರತ್ಕಲ್ಲಿನ ಎನ್.ಐ.ಟಿ.ಯಂಥ ಕಡೆ ಗಲ್ಫ್ ಉದ್ಯೋಗಿಗಳ ಮಕ್ಕಳಿಗೆ ಡಾಸಾ ಯೋಜನೆಯಲ್ಲಿ ಸೀಟುಗಳಿವೆ. ಹಿಂದೆ ಇದಕ್ಕೆ ಸ್ಯಾಟ್ ವಿಷಯವಾರು ಪರೀಕ್ಷೆ ಸಾಕಾಗಿತ್ತು. ಆ ಪರೀಕ್ಷೆಯೇ 2021ರಲ್ಲಿ ನಿಂತುಹೋಗಿ, ಈಗ ಜೆ.ಇ.ಇ. ಮೇನ್ ರ್‍ಯಾಂಕ್ ಬೇಕು. ಹಳಬರ ಮಾತು ಕೇಳಿ ಸ್ಯಾಟ್ ನಂಬಿಕೊಂಡಿರಬೇಡಿ.

ಬ್ರಿಟಿಷ್ ಪಠ್ಯಕ್ರಮದ ಮಕ್ಕಳು ಎ ಲೆವೆಲ್ ಗಣಿತ ತೆಗೆದುಕೊಳ್ಳಲಿ. ಭೌತಶಾಸ್ತ್ರ, ಎಂಜಿನಿಯರಿಂಗ್ ಆಸೆಯಿದ್ದರೆ ಫರ್ದರ್ ಮ್ಯಾಥ್ಸ್ ಕೂಡ.

ಅರ್ಜಿಗೆ ಸಹಿ ಹಾಕುವ ಮೊದಲು ಶಾಲೆಯಲ್ಲಿ ಒಂದು ಮಾತು ಕೇಳಿ: ವಿಷಯ ಬದಲಿಸಲು ಕೊನೆಯ ದಿನ ಯಾವುದು? ಆ ದಿನದೊಳಗೆ ಮಗುವಿನ ಜೊತೆ ಕೂತು ಮಾತಾಡಿ. ಕೂಟದ ಕಾರ್ಯಕ್ರಮಗಳಲ್ಲಿ ನಾವು ಸಿಗುತ್ತೇವೆ, ಸಂಕೋಚವಿಲ್ಲದೆ ಮಾತಾಡಿಸಿ.